ನಜರೇತಿನ ಯೇಸು: ಯೆಹೂದ್ಯನಾಗಿ ಹುಟ್ಟಿ, ಯೆಹೂದ್ಯನಾಗಿಯೇ ಬಾಳಿದವನ ಚರಿತ್ರೆ

ಯೇಸುಕ್ರಿಸ್ತನೆಂದೊಡನೆ ನಮ್ಮಲ್ಲಿ ಹಲವರ ಕಣ್ಣಮುಂದೆ ನಿಲ್ಲುವುದು ಕ್ಯಾಲೆಂಡರುಗಳಲ್ಲಿ ಕಂಡ ರೂಪ: ಹೊಂಗೂದಲು, ನೀಲಿ ಕಣ್ಣು, ಬಿಳಿಯ ನಿಲುವಂಗಿ. ಯುರೋಪಿನ ಚಿತ್ರಕಾರರು ತಮ್ಮ ನೆರೆಹೊರೆಯವರ ಮುಖವನ್ನೇ ಆತನಿಗೂ ಕೊಟ್ಟರು. ಅದರಲ್ಲಿ ತಪ್ಪೇನೂ ಇಲ್ಲ. ಎಲ್ಲ ನಾಡಿನ ಕಲಾವಿದರೂ ಮಾಡುವುದು ಅದನ್ನೇ. ಆದರೆ ಆ ಚಿತ್ರಗಳ ನಡುವೆ ಒಂದು ಮೂಲಭೂತ ಸಂಗತಿ ಮರೆಯಾಗಿ ಹೋಯಿತು. ಯೇಸು ಪಶ್ಚಿಮ ಏಷ್ಯಾದ ಒಬ್ಬ ಯೆಹೂದ್ಯ. ಆತನ ತಾಯಿತಂದೆ, ಬಂಧುಬಳಗ, ಮೊದಲ ಶಿಷ್ಯರು ಎಲ್ಲರೂ ಯೆಹೂದ್ಯರು. ಕ್ರೈಸ್ತ ಎಂಬ ಶಬ್ದವೇ ಆತ ಬದುಕಿದ್ದಾಗ ಹುಟ್ಟಿರಲಿಲ್ಲ.

ಯೇಸುವಿನ ಜನನದ ವರ್ಷದ ಬಗೆಗೆ ಒಂದು ಸ್ವಾರಸ್ಯವಿದೆ. ಸುವಾರ್ತೆಗಳ ಪ್ರಕಾರ ಆತ ಹುಟ್ಟಿದ್ದು ಮಹಾ ಹೆರೋದ ರಾಜನು ಬದುಕಿದ್ದಾಗ. ಹೆರೋದ ತೀರಿಕೊಂಡದ್ದು ಕ್ರಿ.ಪೂ. 4ರಲ್ಲಿ. ಹಾಗಾಗಿ ಕ್ರಿಸ್ತನು ಹುಟ್ಟಿದ್ದು ಕ್ರಿಸ್ತಪೂರ್ವ 6 ಮತ್ತು 4ರ ನಡುವೆ ಎಂದು ವಿದ್ವಾಂಸರು ಹೇಳಬೇಕಾಗಿ ಬಂದಿದೆ! ಆರನೆಯ ಶತಮಾನದಲ್ಲಿ ಈ ಕಾಲಗಣನೆಯನ್ನು ಆರಂಭಿಸಿದ ಡಯೊನೀಷಿಯಸ್ ಎಂಬ ಸನ್ಯಾಸಿಯ ಲೆಕ್ಕ ಕೆಲವು ವರ್ಷ ತಪ್ಪಿತ್ತು. ಹುಟ್ಟಿದ ಎಂಟನೆಯ ದಿನ, ಅಬ್ರಹಾಮನ ಕಾಲದಿಂದ ನಡೆದುಬಂದ ಪದ್ಧತಿಯಂತೆ ಮಗುವಿಗೆ ಸುನ್ನತಿಯಾಯಿತು, ನಾಮಕರಣವೂ ಆಯಿತು ಎಂದು ಲೂಕನ ಸುವಾರ್ತೆ ತಿಳಿಸುತ್ತದೆ. ಡಿಸೆಂಬರ್ 25ರಿಂದ ಎಣಿಸಿದರೆ ಎಂಟನೆಯ ದಿನ ಜನವರಿ 1. ಚರ್ಚಿನ ಪಂಚಾಂಗದಲ್ಲಿ ಆ ದಿನವನ್ನು ಯೇಸುವಿನ ಸುನ್ನತಿಯ ಹಬ್ಬವೆಂದೇ ಶತಮಾನಗಳ ಕಾಲ ಆಚರಿಸಲಾಗುತ್ತಿತ್ತು. ಹೆರಿಗೆಯ ಸೂತಕ ಕಳೆದ ಮೇಲೆ ತಾಯಿ ಯೆರೂಸಲೇಮಿನ ದೇವಾಲಯದಲ್ಲಿ ಸಲ್ಲಿಸಿದ್ದು ಜೋಡಿ ಹಕ್ಕಿಗಳ ಕಾಣಿಕೆ. ಕುರಿಮರಿ ತರಲು ಶಕ್ತಿಯಿಲ್ಲದವರಿಗೆ ಧರ್ಮಶಾಸ್ತ್ರ ವಿಧಿಸಿದ್ದ ಕಾಣಿಕೆಯದು. ಮನೆತನದ ಬಡತನವನ್ನು ಈ ಒಂದು ವಿವರವೇ ಹೇಳುತ್ತದೆ.

ಹೆಸರುಗಳನ್ನು ಗಮನಿಸಿದರೆ ಆ ಮನೆಯ ವಾತಾವರಣ ಇನ್ನಷ್ಟು ಸ್ಪಷ್ಟವಾಗುತ್ತದೆ. ಮನೆಯಲ್ಲಿ ಆತನನ್ನು ಕರೆಯುತ್ತಿದ್ದ ಹೆಸರು ಯೇಶುವ. ಮೋಶೆಯ ನಂತರ ಜನರನ್ನು ಮುನ್ನಡೆಸಿದ ಯೆಹೋಶುವನ ಹೆಸರಿನ ಚಿಕ್ಕ ರೂಪವಿದು. ಗ್ರೀಕರ ಬಾಯಲ್ಲಿ ಅದು ಈಸೂಸ್ ಆಗಿ, ಭಾಷೆಯಿಂದ ಭಾಷೆಗೆ ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಯೇಸುವಾಯಿತು. ತಾಯಿಯ ಹೆಸರು ಮಿರ್ಯಾಮ್, ಅಂದರೆ ಮೋಶೆಯ ಅಕ್ಕನ ಹೆಸರು. ಸಹೋದರರೆಂದು ಮಾರ್ಕನು ಹೆಸರಿಸುವ ನಾಲ್ವರು ಯಾಕೋಬ, ಯೋಸೆ, ಯೂದ, ಸಿಮೋನ. ಎಲ್ಲವೂ ಇಸ್ರಾಯೇಲಿನ ಮೂಲಪುರುಷರ ಹೆಸರುಗಳೇ. ಗ್ರೀಕ್ ಹೆಸರಿಟ್ಟುಕೊಳ್ಳುವುದು ಸಿರಿವಂತರಿಗೆ ಭೂಷಣವಾಗಿದ್ದ ಕಾಲದಲ್ಲಿ ಈ ಕುಟುಂಬ ತನ್ನ ಪೂರ್ವಿಕರ ಹೆಸರುಗಳನ್ನೇ ಆರಿಸಿಕೊಂಡಿತ್ತು. ಮನೆಮಾತು ಅರಾಮಿಕ್, ಶಾಸ್ತ್ರದ ಭಾಷೆ ಹೀಬ್ರೂ.

ನಜರೇತ್ ಕೆಲವು ನೂರು ಜನರ ಪುಟ್ಟ ಹಳ್ಳಿ. ಯೋಸೇಫ ಬಡಗಿ; ಮಗನೂ ಅದೇ ಕಸುಬಿನವನು. ಗ್ರೀಕ್ ಮೂಲದಲ್ಲಿರುವ ಶಬ್ದಕ್ಕೆ ಮರಗೆಲಸದವನು ಎಂಬುದಲ್ಲದೆ ಮನೆ ಕಟ್ಟುವವನು ಎಂಬ ಅರ್ಥವೂ ಉಂಟು. ಸುಮಾರು ಆರು ಕಿಲೋಮೀಟರು ದೂರದಲ್ಲಿ ಹೆರೋದನ ಮಗ ಅಂತಿಪನು ಸೆಫೋರಿಸ್ ಎಂಬ ನಗರವನ್ನು ಹೊಸದಾಗಿ ಕಟ್ಟಿಸುತ್ತಿದ್ದನು. ಗಲಿಲಾಯದಲ್ಲಿ ಅಂತಿಪನ ಆಳ್ವಿಕೆ. ದಕ್ಷಿಣದ ಯೂದಾಯದಲ್ಲಿ ಕ್ರಿ.ಶ. 6ರಿಂದ ರೋಮಿನ ಅಧಿಕಾರಿಗಳ ನೇರ ಆಡಳಿತ. ತೆರಿಗೆಯ ಭಾರ, ಪರಕೀಯರ ದರ್ಪ, ದೇವರು ತಮ್ಮನ್ನು ಬಿಡಿಸಲು ಅಭಿಷಿಕ್ತನೊಬ್ಬನನ್ನು ಕಳುಹಿಸುವನೆಂಬ ನಿರೀಕ್ಷೆ, ಇವುಗಳ ನಡುವೆ ಬಾಲಕ ಬೆಳೆದನು. ಹೀಬ್ರೂವಿನ ಮೆಸ್ಸೀಯ, ಗ್ರೀಕಿನ ಕ್ರಿಸ್ತ, ಎರಡರ ಅರ್ಥವೂ ಅಭಿಷಿಕ್ತನೆಂದೇ. ಹನ್ನೆರಡನೆಯ ವಯಸ್ಸಿನಲ್ಲಿ ಪಸ್ಕಹಬ್ಬದ ಯಾತ್ರೆಗೆ ಹೋದಾಗ ಬಾಲಕ ದೇವಾಲಯದಲ್ಲಿ ಪಂಡಿತರ ನಡುವೆ ಕುಳಿತು ಪ್ರಶ್ನೆ ಕೇಳುತ್ತಿದ್ದ ಪ್ರಸಂಗವೊಂದನ್ನು ಬಿಟ್ಟರೆ, ಸುಮಾರು ಮೂವತ್ತರ ವಯಸ್ಸಿನವರೆಗಿನ ಬದುಕಿನ ಬಗೆಗೆ ಸುವಾರ್ತೆಗಳು ಮೌನವಾಗಿವೆ. ಆ ವರ್ಷಗಳಲ್ಲಿ ಆತ ಟಿಬೆಟಿಗೆ ಬಂದನು, ಕಾಶ್ಮೀರಕ್ಕೆ ಬಂದನು ಎಂಬ ಕಥೆಗಳು ನಮ್ಮಲ್ಲಿ ಆಗಾಗ ತಲೆಯೆತ್ತುತ್ತವೆ. ಅವಕ್ಕೆ ಇತಿಹಾಸದ ಆಧಾರವಿಲ್ಲ.

ಯೊರ್ದನ್ ನದಿಯ ದಡದಲ್ಲಿ ಪಶ್ಚಾತ್ತಾಪವನ್ನು ಸಾರುತ್ತ ಜನರಿಗೆ ಸ್ನಾನ ಮಾಡಿಸುತ್ತಿದ್ದ ಯೋಹಾನನ ಬಳಿಗೆ ಯೇಸು ಹೋದಲ್ಲಿಂದ ಆತನ ಸಾರ್ವಜನಿಕ ಜೀವನ ಆರಂಭವಾಗುತ್ತದೆ. ಈ ಯೋಹಾನನ ಪ್ರಸ್ತಾಪ ಯೆಹೂದ್ಯ ಇತಿಹಾಸಕಾರ ಜೋಸೆಫಸನ ಗ್ರಂಥದಲ್ಲಿಯೂ ಇದೆ. ಅಲ್ಲಿಂದ ಮುಂದೆ ಯೇಸು ಗಲಿಲಾಯ ಸರೋವರದ ಸುತ್ತಲಿನ ಊರುಗಳಲ್ಲಿ, ವಿಶೇಷವಾಗಿ ಕಪೆರ್ನೌಮಿನಲ್ಲಿ ಸಂಚರಿಸಿದನು. ರೋಗಿಗಳನ್ನು ಗುಣಪಡಿಸಿದನು, ದೇವರ ರಾಜ್ಯ ಸಮೀಪಿಸಿತೆಂದು ಸಾರಿದನು, ಬಿತ್ತುವವನ, ಕುರುಬನ, ಬೆಸ್ತನ ದೃಷ್ಟಾಂತಗಳನ್ನು ಹೇಳಿದನು. ದೃಷ್ಟಾಂತದ ಮೂಲಕ ಬೋಧಿಸುವುದು ಯೆಹೂದ್ಯ ಗುರುಗಳ ಹಳೆಯ ರೂಢಿ. ಆತನ ಉಡುಪಿನ ಅಂಚಿನ ಗೊಂಡೆಯನ್ನು ಮುಟ್ಟಿ ರೋಗಿಗಳು ವಾಸಿಯಾದರೆಂದು ಸುವಾರ್ತೆಗಳಲ್ಲಿ ಓದುತ್ತೇವೆ. ಆ ಗೊಂಡೆ ಧರ್ಮಶಾಸ್ತ್ರದ ಅಪ್ಪಣೆಯಂತೆ ಯೆಹೂದ್ಯ ಪುರುಷರು ಧರಿಸುವ ಕುಚ್ಚು. ನಮ್ಮಲ್ಲಿ ಜನಿವಾರ, ಶಿವದಾರಗಳನ್ನು ಕಂಡಕೂಡಲೇ ಸಂಪ್ರದಾಯ ತಿಳಿಯುವಂತೆ ಆ ಕುಚ್ಚನ್ನು ಕಂಡವರಿಗೆ ಆತ ಯಾರೆಂದು ತಿಳಿಯುತ್ತಿತ್ತು.

ಶನಿವಾರ ಬಂತೆಂದರೆ ಆತ ವಾಡಿಕೆಯಂತೆ ಸಭಾಮಂದಿರಕ್ಕೆ ಹೋಗುತ್ತಿದ್ದನು. ಅಲ್ಲಿ ನಿಂತು ಯೆಶಾಯನ ಸುರುಳಿಯನ್ನು ಓದಿದ್ದನ್ನು ಲೂಕನು ವರ್ಣಿಸುತ್ತಾನೆ. ಸರೋವರದ ದಡದ ಮಗ್ದಲದಲ್ಲಿ 2009ರಲ್ಲಿ ಅದೇ ಕಾಲದ ಸಭಾಮಂದಿರವೊಂದು ಉತ್ಖನನದಲ್ಲಿ ದೊರೆಯಿತು. ಅದರೊಳಗಿದ್ದ ಕಲ್ಲಿನ ಮೇಲೆ ಯೆರೂಸಲೇಮಿನ ದೇವಾಲಯದ ಏಳು ಕವಲಿನ ದೀಪಸ್ತಂಭ ಕೆತ್ತಿದೆ. ಸಬ್ಬತ್ ದಿನದ ವಿಶ್ರಾಂತಿ ಮುಂಬಯಿ ಕನ್ನಡಿಗರಿಗೆ ಅಪರಿಚಿತವೇನಲ್ಲ. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ತೆಗೆಯುತ್ತಿದ್ದ ಬೆನೆ ಇಸ್ರಾಯೇಲರನ್ನು, ಶನಿವಾರ ಗಾಣ ನಿಲ್ಲಿಸುವ ಕಾರಣಕ್ಕೆ, ನೆರೆಯವರು ಶನಿವಾರ ತೇಲಿಗಳೆಂದು ಕರೆಯುತ್ತಿದ್ದರು. 1796ರಲ್ಲಿ ಅವರು ಮುಂಬಯಿಯ ಮಾಂಡವಿಯಲ್ಲಿ ಕಟ್ಟಿದ ಮೊದಲ ಸಭಾಮಂದಿರದ ಹಿಂದೆ ನಮ್ಮ ನಾಡಿನ ನಂಟೂ ಇದೆ. ಅದರ ಸ್ಥಾಪಕ ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾಗಿ, ಜೀವಸಹಿತ ಬಿಡುಗಡೆಯಾದರೆ ಮಂದಿರ ಕಟ್ಟಿಸುವೆನೆಂದು ಹರಕೆ ಹೊತ್ತಿದ್ದನೆಂಬ ಐತಿಹ್ಯ ಆ ಸಮುದಾಯದಲ್ಲಿದೆ.

ಇನ್ನು ಫರಿಸಾಯರೊಂದಿಗಿನ ವಾಗ್ವಾದಗಳ ವಿಷಯ. ಸಾವಿರಾರು ವರ್ಷ ಇವನ್ನು ಹೊಸ ಧರ್ಮವು ಹಳೆಯ ಧರ್ಮವನ್ನು ಖಂಡಿಸಿದ ಪ್ರಸಂಗಗಳೆಂದು ಬೋಧಿಸಲಾಯಿತು. ಸಮಕಾಲೀನ ಯೆಹೂದ್ಯ ಗ್ರಂಥಗಳ ಜೊತೆ ಇಟ್ಟು ನೋಡಿದರೆ ಬೇರೆಯೇ ಚಿತ್ರ ಮೂಡುತ್ತದೆ. ಹಿಲ್ಲೇಲ್ ಮತ್ತು ಶಮ್ಮಾಯ್ ಎಂಬ ಇಬ್ಬರು ಮಹಾಗುರುಗಳ ಎರಡು ಪಂಥಗಳು ಆಗ ಶಾಸ್ತ್ರದ ಪ್ರತಿಯೊಂದು ಮಾತಿನ ಮೇಲೂ ತರ್ಕಿಸುತ್ತಿದ್ದವು. ವಿವಾಹವಿಚ್ಛೇದನದ ವಿಷಯದಲ್ಲಿ ಯೇಸುವಿನ ಬಿಗಿಯಾದ ನಿಲುವು ಶಮ್ಮಾಯ್ ಪಂಥಕ್ಕೆ ಹತ್ತಿರ. ತನಗೆ ಬೇಡವಾದದ್ದನ್ನು ಪರರಿಗೆ ಮಾಡದಿರುವುದರಲ್ಲಿಯೇ ಇಡೀ ಶಾಸ್ತ್ರ ಅಡಗಿದೆ ಎಂಬುದು ಹಿಲ್ಲೇಲನ ಬೋಧೆಯಾದರೆ, ಪರರಿಂದ ಬಯಸುವುದನ್ನೇ ಪರರಿಗೆ ಮಾಡಬೇಕೆಂಬುದು ಯೇಸುವಿನದು. ಸಬ್ಬತ್ ದಿನ ಹಳ್ಳಕ್ಕೆ ಬಿದ್ದ ಕುರಿಯನ್ನು ಯಾರು ತಾನೇ ಮೇಲೆತ್ತುವುದಿಲ್ಲ ಎಂಬರ್ಥದ ಪ್ರಶ್ನೆಯನ್ನು ಆತ ಕೇಳುತ್ತಾನೆ. ಮೃತಸಮುದ್ರದ ತೀರದಲ್ಲಿದ್ದ ಪಂಗಡದ ನಿಯಮಾವಳಿಯಲ್ಲಿ ಹಾಗೆ ಎತ್ತುವುದಕ್ಕೂ ನಿಷೇಧವಿತ್ತು! ಅಂದರೆ ಆತ ವಾದಿಸುತ್ತಿದ್ದುದು ಯೆಹೂದ್ಯರೊಳಗಿನ ಜೀವಂತ ಚರ್ಚೆಯೊಂದರಲ್ಲಿ, ಅದೂ ಸೌಮ್ಯವಾದಿಗಳ ಪರವಾಗಿ. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದೆಂದು ಕೇಳಿದಾಗ ಆತ ಆರಿಸಿದ ಎರಡೂ, ಏಕದೇವನ ಮೇಲಿನ ಪ್ರೀತಿ ಮತ್ತು ನೆರೆಯವನ ಮೇಲಿನ ಪ್ರೀತಿ, ಮೋಶೆಯ ಗ್ರಂಥಗಳಿಂದ ಎತ್ತಿಕೊಂಡವು. ಶಾಸ್ತ್ರವನ್ನು ತೊಡೆದುಹಾಕಲು ತಾನು ಬಂದಿಲ್ಲವೆಂದು ಸ್ಪಷ್ಟವಾಗಿ ಹೇಳಿದವನೂ ಆತನೇ. ಮಾತು ಕೆಲವೆಡೆ ಬಹಳ ಕಟುವಾಗಿದೆ ನಿಜ. ಆದರೆ ದಾಯಾದಿಗಳ ಜಗಳದ ಕಾವನ್ನು ಬಲ್ಲವರಿಗೆ ಅದು ಅರ್ಥವಾಗದ ಸಂಗತಿಯಲ್ಲ. ಅಂತಿಪನು ಕೊಲ್ಲಲು ಹವಣಿಸುತ್ತಿದ್ದಾನೆಂದು ಯೇಸುವನ್ನು ಮುಂಚಿತವಾಗಿ ಎಚ್ಚರಿಸಿದವರೂ ಫರಿಸಾಯರೇ ಎಂಬುದನ್ನು ಲೂಕನು ದಾಖಲಿಸಿದ್ದಾನೆ. ಇದನ್ನು ನೆನೆಯುವವರು ಕಡಿಮೆ.

ಕ್ರಿ.ಶ. 30ರ ಸುಮಾರಿಗೆ (33 ಎನ್ನುವವರೂ ಇದ್ದಾರೆ) ಪಸ್ಕಹಬ್ಬಕ್ಕೆಂದು ಯೇಸು ಯೆರೂಸಲೇಮಿಗೆ ಹೋದನು. ಐಗುಪ್ತದ ದಾಸ್ಯದಿಂದ ಬಿಡುಗಡೆಯಾದುದರ ನೆನಪಿನ ಹಬ್ಬವದು. ಪರರ ಆಳ್ವಿಕೆಯಲ್ಲಿದ್ದ ಊರಿನಲ್ಲಿ ಸಾವಿರಾರು ಯಾತ್ರಿಕರು ಸೇರಿ ಬಿಡುಗಡೆಯ ಕಥೆ ಹೇಳಿಕೊಳ್ಳುವಾಗ ರೋಮಿನ ಸೈನಿಕರು ಎಚ್ಚರವಾಗಿರುತ್ತಿದ್ದುದು ಸಹಜ. ದೇವಾಲಯದ ಅಂಗಳದಲ್ಲಿ ಹಣ ವಿನಿಮಯ ಮಾಡುತ್ತಿದ್ದವರ ಮೇಜುಗಳನ್ನು ಯೇಸು ಕೆಡವಿದನು. ಹಿಂದೆ ಯೆರೆಮೀಯನೂ ದೇವಾಲಯದ ಬಾಗಿಲಲ್ಲಿ ನಿಂತು ಹೀಗೆಯೇ ಗುಡುಗಿದ್ದನು. ಆದರೆ ದೇವಾಲಯದ ಆಡಳಿತ ಮಹಾಯಾಜಕ ಕಾಯಫನ ಕೈಯಲ್ಲಿತ್ತು, ಕಾಯಫನ ಸ್ಥಾನ ರೋಮಿನ ಕೃಪೆಯಲ್ಲಿತ್ತು. ಶಿಷ್ಯರೊಂದಿಗೆ ಕೊನೆಯ ಊಟವಾದ ರಾತ್ರಿಯೇ ಯೇಸು ಬಂಧಿತನಾದನು. ಮೊದಲ ಮೂರು ಸುವಾರ್ತೆಗಳು ಅದನ್ನು ಪಸ್ಕದ ಊಟವೆನ್ನುತ್ತವೆ. ರೊಟ್ಟಿ, ದ್ರಾಕ್ಷಾರಸ, ಕೊನೆಯಲ್ಲಿ ಕೀರ್ತನೆಯ ಹಾಡು.

ಮರಣದಂಡನೆ ವಿಧಿಸಿದವನು ಕ್ರಿ.ಶ. 26ರಿಂದ 36ರವರೆಗೆ ಯೂದಾಯವನ್ನಾಳಿದ ಪೊಂತ್ಯ ಪಿಲಾತ. ಆತನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಕೈಸರೈಯದಲ್ಲಿ ದೊರೆತಿದೆ. ಶಿಲುಬೆ ರೋಮನ್ನರು ಬಂಡಾಯಗಾರರಿಗೂ ಗುಲಾಮರಿಗೂ ಕೊಡುತ್ತಿದ್ದ ಶಿಕ್ಷೆ. ಶಿಲುಬೆಯ ಮೇಲೆ ಬರೆಸಿದ್ದ ಆರೋಪ, ಈತ ಯೆಹೂದ್ಯರ ಅರಸನೆಂಬುದು. ಮಂಜೇಶ್ವರ ಗೋವಿಂದ ಪೈಗಳ ಖಂಡಕಾವ್ಯದಿಂದ ಕನ್ನಡಿಗರಿಗೆ ಪರಿಚಿತವಾದ ಗೊಲ್ಗೊಥಾದ ಆ ದಿಬ್ಬದ ಮೇಲೆ ಪ್ರಾಣ ಬಿಡುವ ಮುನ್ನ ಆತ ಅರಾಮಿಕ್ ಭಾಷೆಯಲ್ಲಿ ಕೂಗಿದ್ದು ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲು. ಸಬ್ಬತ್ ಆರಂಭವಾಗುವ ಮುನ್ನ, ಸೂರ್ಯಾಸ್ತದೊಳಗೆ, ಶವಸಂಸ್ಕಾರವಾಯಿತು.

ಗುರು ಮರಳಿ ಎದ್ದನೆಂದು ನಂಬಿದ ಶಿಷ್ಯರು ಬೇರೆ ಮತ ಕಟ್ಟಲು ಹೊರಡಲಿಲ್ಲ. ದಿನವೂ ದೇವಾಲಯಕ್ಕೆ ಹೋಗುತ್ತಿದ್ದರು. ಯೆರೂಸಲೇಮಿನ ಬಳಗಕ್ಕೆ ಹಿರಿಯನಾದವನು ಸಹೋದರ ಯಾಕೋಬ. ಕ್ರಿ.ಶ. 62ರಲ್ಲಿ ಮಹಾಯಾಜಕನು ಅವನನ್ನು ಕೊಲ್ಲಿಸಿದಾಗ, ಶಾಸ್ತ್ರನಿಷ್ಠರಾದ ಯೆಹೂದ್ಯರೇ ಪ್ರತಿಭಟಿಸಿ ಆ ಮಹಾಯಾಜಕನ ಪದಚ್ಯುತಿಗೆ ಕಾರಣರಾದರೆಂದು ಜೋಸೆಫಸ್ ಬರೆದಿದ್ದಾನೆ. ಅಷ್ಟರಲ್ಲಿ ಪೌಲನು ಯೆಹೂದ್ಯೇತರರನ್ನು ಸುನ್ನತಿಯಿಲ್ಲದೆಯೇ ಸೇರಿಸಿಕೊಳ್ಳುತ್ತಿದ್ದನು. ಅವರಿಗೆ ಸುನ್ನತಿ ಬೇಕೇ ಬೇಡವೇ ಎಂದು ಸುಮಾರು 49ರಲ್ಲಿ ಯೆರೂಸಲೇಮಿನಲ್ಲಿ ಸಭೆ ಸೇರಿ ಚರ್ಚಿಸಿದ್ದೇ, ಅದುವರೆಗೆ ಎಲ್ಲರೂ ತಮ್ಮನ್ನು ಯೆಹೂದ್ಯರೆಂದೇ ಎಣಿಸಿದ್ದರೆಂಬುದಕ್ಕೆ ಸಾಕ್ಷಿ. 70ರಲ್ಲಿ ರೋಮನ್ನರು ದೇವಾಲಯವನ್ನು ಸುಟ್ಟುಹಾಕಿದ ಮೇಲೆ ದಾರಿಗಳು ಮೆಲ್ಲಗೆ ಕವಲೊಡೆದವು. 325ರ ನೈಸಿಯ ಪರಿಷತ್ತು ಈಸ್ಟರ್ ಹಬ್ಬದ ದಿನವನ್ನು ಯೆಹೂದ್ಯ ಪಂಚಾಂಗದಿಂದ ಬಿಡಿಸಿತು.

ಆಮೇಲಿನದು ದುಃಖದ ಕಥೆ. ರೋಮನ್ ಅಧಿಕಾರಿ ಕೊಟ್ಟ ಶಿಕ್ಷೆಯ ಹೊಣೆಯನ್ನು ಇಡೀ ಯೆಹೂದ್ಯ ಕುಲದ ತಲೆಗೆ ಕಟ್ಟಲಾಯಿತು. 1096ರಲ್ಲಿ ರೈನ್ ನದಿಯ ಪಟ್ಟಣಗಳಲ್ಲಿ ಕಗ್ಗೊಲೆ, 1290ರಲ್ಲಿ ಇಂಗ್ಲೆಂಡಿನಿಂದ, 1492ರಲ್ಲಿ ಸ್ಪೇನಿನಿಂದ ಗಡೀಪಾರು. ಅದರ ಬಿಸಿ ನಮ್ಮ ಪಶ್ಚಿಮ ಕರಾವಳಿಗೂ ತಟ್ಟಿತು. ಭಾರತದ ಗಿಡಮೂಲಿಕೆಗಳ ಬಗೆಗೆ 1563ರಲ್ಲಿ ಗೋವೆಯಲ್ಲಿ ಗ್ರಂಥ ಮುದ್ರಿಸಿದ ವೈದ್ಯ ಗಾರ್ಸಿಯಾ ದ ಓರ್ತಾ ಮತಾಂತರಗೊಂಡ ಯೆಹೂದ್ಯ ಮನೆತನದವನು. ಒಂದು ಕಾಲಕ್ಕೆ ಮುಂಬಯಿ ದ್ವೀಪವನ್ನು ಗೇಣಿಗೆ ಪಡೆದಿದ್ದವನು. ಆತ ಗುಟ್ಟಾಗಿ ಯೆಹೂದ್ಯ ಆಚರಣೆ ಉಳಿಸಿಕೊಂಡಿದ್ದನೆಂದು ತೀರ್ಮಾನಿಸಿದ ಗೋವೆಯ ಇನ್‌ಕ್ವಿಸಿಶನ್, ಆತ ಸತ್ತು ಹನ್ನೆರಡು ವರ್ಷಗಳ ಮೇಲೆ, 1580ರಲ್ಲಿ, ಗೋರಿಯಿಂದ ಎಲುಬುಗಳನ್ನು ತೆಗೆಸಿ ಸುಟ್ಟಿತು. ಯೇಸುವಿನ ಹೆಸರಿನಲ್ಲಿ ಸುಟ್ಟದ್ದು, ಯೇಸು ತಾನೇ ಪಾಲಿಸಿದ ಆಚರಣೆಗಳಿಗಾಗಿ.

1939ರಲ್ಲಿ ಜರ್ಮನಿಯ ಐಸೆನಾಖಿನಲ್ಲಿ ಯೇಸುವನ್ನು ಯೆಹೂದ್ಯನಲ್ಲವೆಂದು ಸಾಧಿಸಲು ಒಂದು ಸಂಸ್ಥೆಯನ್ನೇ ತೆರೆಯಲಾಯಿತು. ಯುದ್ಧ ಮುಗಿದು, ಅರವತ್ತು ಲಕ್ಷ ಯೆಹೂದ್ಯರ ಹತ್ಯೆ ಬೆಳಕಿಗೆ ಬಂದ ಬಳಿಕ, 1965ರಲ್ಲಿ ವ್ಯಾಟಿಕನ್ ಪರಿಷತ್ತು ಶಿಲುಬೆಯ ಹೊಣೆಯನ್ನು ಯೆಹೂದ್ಯ ಜನಾಂಗದ ಮೇಲೆ ಹೊರಿಸಲಾಗದೆಂದು ಘೋಷಿಸಿತು. ವಿದ್ವಾಂಸರಲ್ಲಿ ಜೋಸೆಫ್ ಕ್ಲೌಸ್ನರ್ 1922ರಲ್ಲಿಯೇ ಯೇಸುವಿನ ಜೀವನಚರಿತ್ರೆಯನ್ನು ಹೀಬ್ರೂವಿನಲ್ಲಿ ಬರೆದಿದ್ದನು. ಯೇಸುವಿನ ಯೆಹೂದ್ಯತನವನ್ನೇ ಶೀರ್ಷಿಕೆಯಾಗಿಸಿಕೊಂಡ ಗ್ರಂಥವನ್ನು 1973ರಲ್ಲಿ ಪ್ರಕಟಿಸಿದವರು ಆಕ್ಸ್‌ಫರ್ಡಿನ ಗೇಜಾ ವರ್ಮೆಶ್. ಹಂಗೇರಿಯ ಯೆಹೂದ್ಯ ಮನೆಯಲ್ಲಿ 1924ರಲ್ಲಿ ಹುಟ್ಟಿ, ಬಾಲ್ಯದಲ್ಲಿ ತಾಯಿತಂದೆಯರೊಡನೆ ಕ್ಯಾಥೊಲಿಕರಾದವರು ಅವರು. ಮತಾಂತರ ತಾಯಿತಂದೆಯರ ಜೀವ ಉಳಿಸಲಿಲ್ಲ. ಇಬ್ಬರೂ ನಾಜಿಗಳ ಹತ್ಯಾಕಾಂಡದಲ್ಲಿ ಅಳಿದರು. ಮಗ ಪಾದ್ರಿಯಾಗಿ, ಮೃತಸಮುದ್ರದ ಸುರುಳಿಗಳ ಪಂಡಿತನಾಗಿ, ಮುಂದೆ ಪಾದ್ರಿತನವನ್ನು ತೊರೆದು, ಹುಟ್ಟಿದ ಧರ್ಮಕ್ಕೆ ಮರಳಿದ ಮೇಲೆ ಬರೆದ ಪುಸ್ತಕವದು.