ರೆವರೆಂಡ್ ಕಿಟೆಲ್

ಪ್ರಲೋಭನವೆಂದರೆ ಹಣ, ಮದ್ಯ, ವಿಲಾಸಗಳಷ್ಟೇ ಅಲ್ಲ. ಇಷ್ಟು ದುಡಿದುದು ಸಾಕೆಂದು ಕೆಲಸವನ್ನು ಅರ್ಧಕ್ಕೆ ಬಿಟ್ಟೇಳುವ ಆಸೆಯೂ ಪ್ರಲೋಭನವೇ. ಸಜ್ಜನರನ್ನು ಹೆಚ್ಚಾಗಿ ಕಾಡುವುದು ಇದೇ. ಇದನ್ನು ಗೆದ್ದ ಮಹನೀಯರಲ್ಲಿ ಫರ್ಡಿನೆಂಡ್ ಕಿಟೆಲ್ಲರು ಒಬ್ಬರು.

1832ರಲ್ಲಿ ಜರ್ಮನಿಯ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಇವರು 1853ರಲ್ಲಿ ಬಾಸೆಲ್ ಮಿಶನ್ನಿನ ಮೂಲಕ ಕ್ರೈಸ್ತಧರ್ಮ ಪ್ರಚಾರಕ್ಕೆಂದು ಕನ್ನಡನಾಡಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿದ್ದು ಹಳಗನ್ನಡವನ್ನು ಶ್ರದ್ಧೆಯಿಂದ ಕಲಿತರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಅಚ್ಚು ಮಾಡಿಸಿದರು.

1877ರಲ್ಲಿ ಅವರು ತಾಯ್ನಾಡಿಗೆ ಮರಳಿದಾಗ ನಿಘಂಟು ಇನ್ನೂ ಮುಗಿದಿರಲಿಲ್ಲ. ಅಲ್ಲಿ ಮನೆಯಿತ್ತು, ಹೆಂಡತಿ ಮಕ್ಕಳಿದ್ದರು. ಅಲ್ಲಿಯೇ ಉಳಿದಿದ್ದರೆ ದೂರುವವರಾರು? ಆದರೆ ದೇವರ ಸೇವೆಯನ್ನೂ ಭಾಷೆಯ ಸೇವೆಯನ್ನೂ ಅವರು ಬೇರೆಯಾಗಿ ಕಂಡವರಲ್ಲ. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಸಂಸಾರವನ್ನು ಅಲ್ಲಿಯೇ ಬಿಟ್ಟು ಮತ್ತೆ ಕಡಲು ದಾಟಿ ಬಂದರು. ಆ ಶ್ರಮದ ಫಲವಾಗಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಡಾಕ್ಟರೇಟ್ ಪದವಿಯನ್ನಿತ್ತು ಅವರನ್ನು ಗೌರವಿಸಿತು. 1903ರಲ್ಲಿ ಅವರು ದೈವಾಧೀನರಾದರು.

ಗ್ರಂಥಾಲಯದಲ್ಲಿ ಆ ನಿಘಂಟನ್ನು ತೆರೆಯುವ ವಿದ್ಯಾರ್ಥಿಮಿತ್ರರು, ಅದರ ಕಡೆಯ ಪುಟ ಮುಗಿಯುವವರೆಗೂ ಒಬ್ಬರು ಎದ್ದುಹೋಗದೆ ಕುಳಿತಿದ್ದರೆಂಬುದನ್ನು ನೆನೆಯುವುದು ಒಳ್ಳೆಯದು.