ಚಲನೆಗೆ ಚಿತ್ರ ಕೊಟ್ಟ ಧರ್ಮಾಧ್ಯಕ್ಷರು

ಆದಿವಾಲದ ಶಾಲಾಮಕ್ಕಳು ಗ್ರಾಫ್ ಹಾಳೆಯಲ್ಲಿ ಗೆರೆ ಎಳೆಯುವ ವಿದ್ಯೆಗೆ ಮೊದಲು ಹಾದಿ ತೋರಿದವರಲ್ಲಿ ಧರ್ಮಾಧ್ಯಕ್ಷರೊಬ್ಬರಿದ್ದರೆಂಬುದು ನಮ್ಮ ಅನೇಕ ಕುಟುಂಬಗಳಿಗೆ ತಿಳಿಯದು.

ಅವರೇ ಫ್ರಾನ್ಸಿನ ನಾರ್ಮಂಡಿಯ ನಿಕೋಲ್ ಒರೆಮ್. ಪ್ಯಾರಿಸ್ಸಿನ ನವಾರ್ ವಿದ್ಯಾಲಯದಲ್ಲಿ ಕಲಿತು, 1356ರಲ್ಲಿ ಅದರ ಮುಖ್ಯಸ್ಥರಾದರು. ದೊರೆ ಐದನೆಯ ಚಾರ್ಲ್ಸನ ಆಶಯದಂತೆ ಅರಿಸ್ಟಾಟಲನ ಗ್ರಂಥಗಳನ್ನು ಲ್ಯಾಟಿನ್‌ನಿಂದ ಜನರ ನುಡಿಯಾದ ಫ್ರೆಂಚಿಗೆ ತಂದರು. ಸಂತ ತೆರೇಸಮ್ಮನವರ ಹೆಸರಿನೊಡನೆ ನಾವು ನೆನೆಯುವ ಲಿಸಿಯೂ ಪಟ್ಟಣಕ್ಕೆ 1377ರಲ್ಲಿ ಧರ್ಮಾಧ್ಯಕ್ಷರಾಗಿ, 1382ರಲ್ಲಿ ದೈವಾಧೀನರಾದರು.

ಅವರು ಅಡ್ಡಗೆರೆಯಲ್ಲಿ ಕಾಲವನ್ನೂ ಅದರ ಮೇಲೆ ನಿಲ್ಲಿಸಿದ ಲಂಬಗೆರೆಗಳಲ್ಲಿ ವೇಗವನ್ನೂ ತೋರಿಸಿದರು. ವೇಗ ಒಂದೇ ಸಮನಿದ್ದರೆ ಆಯತ. ಸೊನ್ನೆಯಿಂದ ಸಮವಾಗಿ ಏರಿದರೆ ತ್ರಿಕೋನ. ಆಕೃತಿಯ ವಿಸ್ತೀರ್ಣವೇ ಕ್ರಮಿಸಿದ ದೂರ. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಇಂತಹದೇ ತ್ರಿಕೋನವಿದೆ.

ಒರೆಮ್ ಅವರು ಅಳೆದ ಅಂಕಿಗಳಿಲ್ಲದೆ ಕೇವಲ ವಿಚಾರದಿಂದ ಇದನ್ನು ಕಂಡರು. ನಮ್ಮ ಮಕ್ಕಳಿಗಾದರೋ ಅಂಕಿಗಳು ಸಿದ್ಧವಾಗಿ ದೊರೆಯುತ್ತವೆ. ಚುಕ್ಕಿ ಸೇರಿಸಿ ಅಂಕ ಗಳಿಸಿದರೆ ಸಾಕೆಂದು ನಾವು ಸುಮ್ಮನಾಗುತ್ತೇವೆ. ಏರುವ ಗೆರೆಯನ್ನು ಮಗು ಗುಡ್ಡವೆಂದು ತಿಳಿದರೆ ಕಲಿಕೆ ವ್ಯರ್ಥ. ಪೋಷಕರೇ, ವಾಣಿವಿಲಾಸ ಸಾಗರದ ನೀರಿನ ಮಟ್ಟವನ್ನು ತಿಂಗಳುವಾರು ಮಗುವಿನಿಂದಲೇ ಗುರುತಿಸಿರಿ. ಗೆರೆ ಎಲ್ಲಿ ಏರಿತು, ಏಕೆ ಇಳಿಯಿತು ಎಂದು ಪಕ್ಕದಲ್ಲಿ ಕುಳಿತು ಕೇಳಿರಿ.