ರುಡಾಲ್ಫ್ ಡೀಸೆಲ್

ರುಡಾಲ್ಫ್ ಕ್ರಿಶ್ಚಿಯನ್ ಕಾರ್ಲ್ ಡೀಸೆಲ್ (ಮಾರ್ಚ್ 18, 1858 – ಸೆಪ್ಟೆಂಬರ್ 29, 1913) ಜರ್ಮನಿಯ ಎಂಜಿನಿಯರ್ ಮತ್ತು ಆವಿಷ್ಕಾರಕರು. ಕಿಡಿಯ ನೆರವಿಲ್ಲದೆ, ಒತ್ತಡದಿಂದ ಬಿಸಿಯಾದ ಗಾಳಿಯಲ್ಲೇ ಇಂಧನ ಹೊತ್ತಿಕೊಳ್ಳುವ ಡೀಸೆಲ್ ಎಂಜಿನ್‌ ಅವರ ಸಾಧನೆ. ಈ ಎಂಜಿನ್ನಿಗೂ ಅದರ ಇಂಧನಕ್ಕೂ ಅವರ ಹೆಸರೇ ಬಂದಿದೆ.

ಬಾಲ್ಯ ಮತ್ತು ಶಿಕ್ಷಣ

ಡೀಸೆಲ್ ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಥಿಯೋಡೋರ್, ತಾಯಿ ಎಲಿಸ್. ಇಬ್ಬರೂ ಬವೇರಿಯಾ ಮೂಲದವರು. ತಂದೆ ಪುಸ್ತಕಗಳಿಗೆ ರಟ್ಟು ಕಟ್ಟುವ ಮತ್ತು ಚರ್ಮದ ವಸ್ತುಗಳನ್ನು ತಯಾರಿಸುವ ಕಸುಬಿನವರಾಗಿದ್ದರು. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಆರಂಭವಾದಾಗ ಕುಟುಂಬವು ಪ್ಯಾರಿಸ್ ತೊರೆದು ಲಂಡನ್ನಿಗೆ ಹೋಗಬೇಕಾಯಿತು. ಹನ್ನೆರಡು ವರ್ಷದ ರುಡಾಲ್ಫನನ್ನು ಆಗ್ಸ್‌ಬರ್ಗ್‌ನಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಲಾಯಿತು. ಅಲ್ಲಿ ಓದು ಮುಗಿಸಿದ ಅವರು ಮ್ಯೂನಿಕ್ ಪಾಲಿಟೆಕ್ನಿಕ್ ಸೇರಿ, 1880ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾದರು. ಶೀತಲೀಕರಣ ಯಂತ್ರಗಳ ತಜ್ಞ ಕಾರ್ಲ್ ಫಾನ್ ಲಿಂಡೆ ಅವರ ಗುರುಗಳಾಗಿದ್ದರು. ಪದವಿಯ ನಂತರ ಡೀಸೆಲ್ ಪ್ಯಾರಿಸ್‌ನಲ್ಲಿ ಲಿಂಡೆಯವರ ಉದ್ಯಮಕ್ಕಾಗಿಯೇ ಕೆಲಸ ಮಾಡಿದರು. 1883ರಲ್ಲಿ ಮಾರ್ಥಾ ಫ್ಲಾಶೆ ಅವರನ್ನು ವಿವಾಹವಾದರು. ದಂಪತಿಗೆ ಮೂವರು ಮಕ್ಕಳು.

ಎಂಜಿನ್ನಿನ ಆವಿಷ್ಕಾರ

ಅಂದಿನ ಉಗಿಯಂತ್ರಗಳು ಇಂಧನದ ಶಾಖದಲ್ಲಿ ಬಹುಪಾಲನ್ನು ವ್ಯರ್ಥ ಮಾಡುತ್ತಿದ್ದವು. ಕಾರ್ನೋ ಪ್ರತಿಪಾದಿಸಿದ ಆದರ್ಶ ಶಾಖಯಂತ್ರಕ್ಕೆ ಸಮೀಪವಾದ ಎಂಜಿನ್ನನ್ನು ನಿರ್ಮಿಸುವುದು ಡೀಸೆಲ್ ಅವರ ಗುರಿಯಾಗಿತ್ತು. 1892ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಮರುವರ್ಷ ಅದು ದೊರೆಯಿತು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆ ಮತ್ತು ಕ್ರುಪ್ ಸಂಸ್ಥೆ ಪ್ರಯೋಗಗಳಿಗೆ ಬೆಂಬಲ ನೀಡಿದವು.

1893ರ ಆಗಸ್ಟ್‌ನಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಸಿಲಿಂಡರಿನೊಳಗೆ ಇಂಧನ ಸ್ಫೋಟಗೊಂಡು ಒತ್ತಡಮಾಪಕ ಒಡೆದುಹೋಯಿತು. ಎಂಜಿನ್ ಸ್ವಂತ ಬಲದಿಂದ ಓಡಲಿಲ್ಲವಾದರೂ ಒತ್ತಡದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ ಎಂಬುದು ಖಚಿತವಾಯಿತು. ಇಂಧನವನ್ನು ಸೂಕ್ಷ್ಮ ಹನಿಗಳಾಗಿ ಒಡೆದು, ಸರಿಯಾದ ಕ್ಷಣದಲ್ಲಿ, ಗಾಳಿಯೊಂದಿಗೆ ಬೆರೆಯುವಂತೆ ಸಿಂಪಡಿಸುವುದು ಅವರಿಗೆ ಎದುರಾದ ಅತ್ಯಂತ ಕಠಿಣ ಸಮಸ್ಯೆಗಳಲ್ಲೊಂದು. ಬೆರಕೆ ಸರಿಯಾಗದಿದ್ದರೆ ದಹನ ಅಪೂರ್ಣವಾಗಿ ಮಸಿ ಉಂಟಾಗುತ್ತಿತ್ತು. ಕೊನೆಗೆ, ಹೆಚ್ಚು ಒತ್ತಡದ ಗಾಳಿಯಿಂದ ಇಂಧನವನ್ನು ಊದಿ ಒಳಸೇರಿಸುವ ವಿಧಾನವನ್ನು ಅಳವಡಿಸಿಕೊಂಡರು.

1897ರ ಫೆಬ್ರವರಿಯಲ್ಲಿ ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್ ನಡೆಸಿದ ಅಧಿಕೃತ ಪರೀಕ್ಷೆಯಲ್ಲಿ ಎಂಜಿನ್ 26.2 ಶೇಕಡಾ ದಕ್ಷತೆಯನ್ನು ತೋರಿತು. ಅಂದಿನ ಸಾಮಾನ್ಯ ಉಗಿಯಂತ್ರಗಳಿಗೆ ಹೋಲಿಸಿದರೆ ಇದು ದುಪ್ಪಟ್ಟಿಗೂ ಹೆಚ್ಚು.

ಕೀರ್ತಿ ಮತ್ತು ಸಂಕಷ್ಟ

1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನಿಗೆ ಪರಮೋಚ್ಚ ಬಹುಮಾನ ಲಭಿಸಿತು. ಅಲ್ಲಿ ಒಂದು ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಗಿತ್ತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಹಡಗು ಡೀಸೆಲ್ ಶಕ್ತಿಯಿಂದ ಸಾಗರಯಾನ ಕೈಗೊಂಡಿತು. ಆದರೆ ಡೀಸೆಲ್ ಅವರ ಬದುಕು ಇದೇ ಕಾಲದಲ್ಲಿ ಕುಸಿಯುತ್ತಿತ್ತು. ಕಾರ್ಯರೂಪಕ್ಕೆ ಬಂದ ಎಂಜಿನ್ ಮೂಲ ಪೇಟೆಂಟಿನ ಸಿದ್ಧಾಂತಕ್ಕಿಂತ ಭಿನ್ನವಾಗಿದೆ ಎಂದು ವಿಮರ್ಶಕರು ಆಕ್ಷೇಪಿಸಿದರು. ಪೇಟೆಂಟ್ ವಿವಾದಗಳು, ಅನಾರೋಗ್ಯ ಮತ್ತು ಹೂಡಿಕೆಗಳಲ್ಲಿನ ನಷ್ಟ ಅವರನ್ನು ಸಾಲದಲ್ಲಿ ಮುಳುಗಿಸಿದವು.

ನಿಧನ

1913ರ ಸೆಪ್ಟೆಂಬರ್ 29ರ ಸಂಜೆ ಅವರು ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡೆನ್ ಎಂಬ ಹಡಗನ್ನೇರಿದರು. ರಾತ್ರಿ ಊಟದ ನಂತರ ಕೋಣೆಗೆ ತೆರಳಿದ ಅವರು ಬೆಳಗ್ಗೆ ಕಾಣಲಿಲ್ಲ, ಹಾಸಿಗೆ ಬಳಕೆಯಾಗಿರಲಿಲ್ಲ. ಸುಮಾರು ಹತ್ತು ದಿನಗಳ ಬಳಿಕ ಡಚ್ ದೋಣಿಯೊಂದಕ್ಕೆ ಸಮುದ್ರದಲ್ಲಿ ಶವವೊಂದು ದೊರೆಯಿತು. ಅದರ ಮೇಲಿದ್ದ ವಸ್ತುಗಳನ್ನು ಮಗ ಓಯ್ಗನ್ ತಂದೆಯವೆಂದು ಗುರುತಿಸಿದರು. ಆತ್ಮಹತ್ಯೆ ಎಂಬ ಅಭಿಪ್ರಾಯ ಹೆಚ್ಚು ಪ್ರಚಲಿತವಾಗಿದೆ. ಅಪಘಾತ ಅಥವಾ ಕೊಲೆ ಎಂಬ ವಾದಗಳೂ ಇವೆ. ಯಾವುದೂ ಸಾಬೀತಾಗಿಲ್ಲ.

ನಂತರದ ಬೆಳವಣಿಗೆ

1920ರ ದಶಕದಲ್ಲಿ ಬಾಷ್ ಸಂಸ್ಥೆಯ ಇಂಧನ ಪಂಪು ಬಳಕೆಗೆ ಬಂದ ಮೇಲೆ, ಗಾಳಿ ಊದುವ ಭಾರವಾದ ಉಪಕರಣದ ಅಗತ್ಯ ಕ್ರಮೇಣ ತಪ್ಪಿ, ಡೀಸೆಲ್ ಎಂಜಿನ್ ಲಾರಿಗಳಿಗೂ ಹೊಂದಿಕೊಂಡಿತು. ಆದರೂ ಸಿಲಿಂಡರಿನೊಳಗೆ ಇಂಧನದ ಸಿಂಚನ ಹೇಗೆ ಉರಿಯುತ್ತದೆ, ಮಸಿ ಎಲ್ಲಿ ಹುಟ್ಟುತ್ತದೆ ಎಂಬುದು ಬಹುಕಾಲ ಸ್ಪಷ್ಟವಾಗಿರಲಿಲ್ಲ. ಲೇಸರ್ ಚಿತ್ರಣ ಇದಕ್ಕೆ ಉತ್ತರ ನೀಡಿತು. ಗಾಜಿನ ಕಿಂಡಿಗಳಿರುವ ಪ್ರಯೋಗ ಎಂಜಿನ್ನಿನೊಳಗೆ ತೆಳುವಾದ ಹಾಳೆಯಂತೆ ಲೇಸರ್ ಬೆಳಕನ್ನು ಹಾಯಿಸಿದಾಗ ದ್ರವದ ಹನಿಗಳು ಬೆಳಕನ್ನು ಚದುರಿಸುತ್ತವೆ, ಇಂಧನದ ಆವಿ ಪ್ರತಿದೀಪ್ತಿ ತೋರುತ್ತದೆ, ಮಸಿಯ ಕಣಗಳು ಕಾದು ಪ್ರಜ್ವಲಿಸುತ್ತವೆ. ಇವನ್ನು ವೇಗದ ಕ್ಯಾಮರಾಗಳಿಂದ ಪ್ರತ್ಯೇಕವಾಗಿ ಸೆರೆಹಿಡಿಯಲಾಗುತ್ತದೆ.

ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ಜಾನ್ ಡೆಕ್ 1997ರಲ್ಲಿ ಇಂತಹ ಚಿತ್ರಗಳ ಆಧಾರದ ಮೇಲೆ ಡೀಸೆಲ್ ದಹನದ ಹೊಸ ಮಾದರಿಯನ್ನು ಮಂಡಿಸಿದರು. ಇದರ ಪ್ರಕಾರ ದ್ರವ ಇಂಧನ ಸೂಜಿಬಾಯಿಯಿಂದ ಸ್ವಲ್ಪ ದೂರದಲ್ಲೇ ಆವಿಯಾಗುತ್ತದೆ. ಇಂಧನ ಹೆಚ್ಚಿ ಗಾಳಿ ಕಡಿಮೆಯಾದ ಒಳಭಾಗದಲ್ಲಿ ಮಸಿ ಹುಟ್ಟುತ್ತದೆ. ಹೊರ ಅಂಚಿನ ಜ್ವಾಲೆಯಲ್ಲಿ ಅದರ ಬಹುಭಾಗ ಉರಿದುಹೋಗುತ್ತದೆ. ಉರಿಯದೆ ಉಳಿದದ್ದು ಹೊಗೆಯಾಗಿ ಹೊರಬರುತ್ತದೆ. ಆಗ್ಸ್‌ಬರ್ಗ್‌ನಲ್ಲಿ ಡೀಸೆಲ್ ಅವರನ್ನು ಕಾಡಿದ್ದ ಇಂಧನ ಮತ್ತು ಗಾಳಿಯ ಬೆರಕೆಯ ಸಮಸ್ಯೆಯೇ ಇಂದಿಗೂ ಈ ಸಂಶೋಧನೆಯ ಕೇಂದ್ರವಾಗಿದೆ.